ಹೆಸರು ಕೂಗೋಕೆ ಒಂದು ದ್ವೀಪ

ಆ ರೆಸಾರ್ಟಿಗೆ ಯಾರೋ ಪುಣ್ಯಾತ್ಮ ಒಂದೇ ಒಂದು ಸ್ಟಾರ್ ಕೊಟ್ಟು ಬಾಯಿಗೆ ಬಂದ ಹಾಗೆ ಬೈದು ಬರೆದಿದ್ದ. ಸಮುದ್ರದ ಸದ್ದು ಎಷ್ಟಂದ್ರೆ, ಪಕ್ಕದಲ್ಲಿ ಕೂತ ಹೆಂಡತಿ ಆಡಿದ ಮಾತೂ ಕೇಳಿಸ್ತಿರಲಿಲ್ಲವಂತೆ. ಒಂದು ಕಾಟೇಜಿಂದ ಇನ್ನೊಂದಕ್ಕೆ ಹೋಗಬೇಕಾದ್ರೆ ಬಂಡೆ ಹತ್ತಿ ಇಳೀಬೇಕಂತೆ. ಊಟ ತಂದಿಟ್ಟು ಹೋದ ಮೇಲೆ ಒಂದು ನರಪಿಳ್ಳೆಯೂ ಕಣ್ಣಿಗೆ ಬೀಳಲ್ಲವಂತೆ. ಹಾಳು ಜಾಗ, ಯಾರೂ ಬರಬೇಡಿ ಅಂತ ಕೊನೇಲಿ ಬುದ್ಧಿವಾದ ಬೇರೆ. ನಾನು ಹಿತ್ತಿಲ ಮೆಟ್ಟಿಲ ಮೇಲೆ ಕೂತು ಮೊಬೈಲಲ್ಲಿ ಅದನ್ನ ಓದಿದೆ. ಕನ್ನಡಕ ತೆಗೆದು ಸೆರಗಲ್ಲಿ ಒರೆಸಿ ಇನ್ನೊಂದು ಸಲ ಓದಿದೆ. ಇದೇ ಸರಿ ಅನ್ನಿಸ್ತು.

ನಾನು ಹೈಸ್ಕೂಲಲ್ಲಿ ಸಮಾಜ ಪಾಠ ಮಾಡೋಳು. ಮನೆ ಭಾರತೀನಗರ. ಅದು ಬಸ್ಸಿನ ಬೋರ್ಡಿಗೆ. ಊರೋರ ಬಾಯಿಗೆ ಇವತ್ತಿಗೂ ಹಳೇ ಹೆಸರು ದೊಡ್ಡಿನೇ. ನಮ್ಮ ಬೀದೀಲಿ ಗೋಡೆಗೆ ಗೋಡೆ ಅಂಟಿಕೊಂಡ ಮನೆಗಳು. ಒಬ್ಬರ ಮನೆ ಒಗ್ಗರಣೆಗೆ ಮೂರು ಮನೆಯೋರು ಸೀನ್ತಾರೆ. ನಾನು ಫೋನಲ್ಲಿ ಯಾರಿಗಾದ್ರೂ ಬೈದ್ರೆ, ಸಾಯಂಕಾಲ ಎದುರುಮನೆಯಾಕೆ ಬಂದು, ‘ಅಷ್ಟೊಂದ್ ಬೈಬಾರ್ದಿತ್ತು ಕಣ್ ಮಿಸ್ಸು’ ಅಂತ ತೀರ್ಪು ಕೊಡ್ತಾಳೆ. ಇಂಥ ಬೀದಿಯೋಳು ಭೂಮಿಯ ಆ ಮಗ್ಗುಲಲ್ಲಿ, ಕೆರಿಬಿಯನ್ ಸಮುದ್ರದ ನಡುವೆ, ಯಾರೂ ಇಲ್ಲದ ದ್ವೀಪ ಹುಡುಕ್ತಾ ಇದಾಳೆ, ಅದೂ ಒಬ್ಬಳೇ ಹೋಗೋಕೆ ಅಂದ್ರೆ ತಲೆ ಕೆಟ್ಟಿದೆ ಅಂತಾರೆ. ಅಂದ್ರು ಕೂಡ. ಹಾಗಂದೋರಿಗೆ ಯಾರಿಗೂ ನಿಜ ಹೇಳಲಿಲ್ಲ, ಇಲ್ಲಿ ಹೇಳ್ತೀನಿ. ನನ್ನ ಗಂಡನ ಹೆಸರನ್ನ ಒಂದೇ ಒಂದು ಸಲ, ಗಂಟಲು ಹರಿಯೋ ಹಾಗೆ ಕೂಗಬೇಕಿತ್ತು ನಂಗೆ. ಅದಕ್ಕೊಂದು ಜಾಗ ಬೇಕಿತ್ತು. ಅಷ್ಟೇ.

ನಗೋರು ನಗಿ. ಬಿ.ಎಡ್. ಓದಿದೋಳು, ಮಕ್ಕಳಿಗೆ ಸಮಾನತೆಯ ಪಾಠ ಹೇಳೋಳು, ಗಂಡನ ಹೆಸರು ಹೇಳಲ್ವಾ ಅಂತ ಕೇಳೋರು ಕೇಳಿ. ಹೇಳ್ತಿರಲಿಲ್ಲ. ಮದುವೆಯಾಗಿ ಬಂದ ದಿನ ನಾದಿನಿಯರೆಲ್ಲ ಹೊಸಿಲಿಗೆ ಅಡ್ಡ ನಿಂತು, ಹೆಸರು ಹೇಳಿದ್ರೇನೇ ಒಳಕ್ಕೆ ಬಿಡೋದು ಅಂದಾಗ ಒಂದು ಸಲ ಹೇಳಿದ್ದೆ, ಅದೂ ತುಟಿ ಅಲ್ಲಾಡಿದ್ದಷ್ಟೇ ಕಂಡಿರಬೇಕು ಅವರಿಗೆ. ಗಂಡನ ಹೆಸರು ಬಾಯಲ್ಲಿ ಬಂದಷ್ಟೂ ಅವನ ಆಯಸ್ಸು ಸವೆಯುತ್ತೆ ಅಂತ ನಮ್ಮವ್ವ ಹೇಳಿಕೊಟ್ಟಿದ್ದಳು. ನಂಬಿದ್ದೆ ಅಂತಲ್ಲ. ಅಕಸ್ಮಾತ್ ನಿಜವಾಗಿದ್ರೆ ಅನ್ನೋ ಅಳುಕು. ಅರ್ಜಿಯಲ್ಲಿ ಬರೆಯೋಕೆ ಏನೂ ತೊಂದರೆ ಇರಲಿಲ್ಲ. ಬಾಯಲ್ಲಿ ಮಾತ್ರ ‘ರೀ’, ಇಲ್ಲದಿದ್ರೆ ‘ನಮ್ಮನೆಯೋರು’.

ನಮ್ಮ ಅತ್ತೆಯದು ಇನ್ನೂ ಚೆಂದ. ಮಗ ಹುಟ್ಟಿದಾಗ ತಾತನ ಹೆಸರನ್ನೇ ಇಟ್ಟರು. ತಾತ ಅಂದ್ರೆ ಅತ್ತೆಗೆ ಗಂಡನ ಅಪ್ಪ. ಮಾವನ ಹೆಸರನ್ನ ಸೊಸೆ ಹೇಳೋ ಹಾಗಿಲ್ಲ. ಹೀಗಾಗಿ ಹೊತ್ತು ಹೆತ್ತ ಮಗನನ್ನೇ ಅವರು ಹೆಸರು ಹಿಡಿದು ಕರೆದವರಲ್ಲ. ‘ಮಗಾ’ ಅನ್ನೋರು, ಸಿಟ್ಟು ಬಂದ್ರೆ ‘ಏ ದೊಡ್ಡೋನೆ’. ಅತ್ತೆಯ ಯಜಮಾನರು ನಾನು ಈ ಮನೆಗೆ ಬರೋಕೆ ಮುಂಚೆನೇ ತೀರಿಕೊಂಡಿದ್ರು. ನಮಗೆ ಮಕ್ಕಳಾಗಲಿಲ್ಲ. ಮನೇಲಿ ಇದ್ದಿದ್ದು ಮೂರೇ ಜನ, ಅದರಲ್ಲಿ ಇಬ್ಬರು ಹೆಂಗಸರ ಬಾಯಲ್ಲೂ ಆ ಹೆಸರು ಇರಲಿಲ್ಲ.

ಊರೋರಿಗೇನೂ ಅಡ್ಡಿ ಇರಲಿಲ್ಲ. ನಮ್ಮನೆಯೋರು ಸಕ್ಕರೆ ಕಾರ್ಖಾನೆಯೊಂದರಲ್ಲಿ ಕಬ್ಬಿನ ಫೀಲ್ಡ್‌ಮ್ಯಾನು. ಯಾರ ಗದ್ದೆ ಕಬ್ಬು ಯಾವತ್ತು ಕಡೀಬೇಕು ಅಂತ ನೋಡಿ ಹೇಳೋ ಕೆಲಸ. ಬೆಳಗಾಗೋದೇ ತಡ, ಬೈಕು ನಿಲ್ಲಿಸಿ, ಸೈಕಲ್ಲು ನಿಲ್ಲಿಸಿ, ಜನ ಬಾಗಿಲಲ್ಲಿ ನಿಂತು ಅವರ ಹೆಸರು ಹಿಡಿದು ಕೂಗೋರು. ಕೆಲವರು ಹಿಂದೆ ಒಂದು ‘ಅಣ್ಣ’ ಸೇರಿಸೋರು, ಕೆಲವರು ಅದೂ ಇಲ್ಲ. ಅತ್ತೆ ಎಲ್ಲೇ ಕೂತಿರಲಿ, ಅಲ್ಲಿಂದಲೇ ಉತ್ತರ ಕೊಡೋರು: ‘ಅವ್ನು ಮನೇಲಿಲ್ಲ ಕಣಪ್ಪಾ, ಗದ್ದೆ ಕಡೀಕ್ ಓಗವ್ನೆ, ಆಮ್ಯಾಕ್ ಬಾ.’ ಅವರು ಒಳಗೆ ಮುದ್ದೆ ಮುರೀತಾ ಕೂತಿದ್ರೂ ಅತ್ತೆಯ ಬಾಯಲ್ಲಿ ಅದೇ ಮಾತು. ಮಗ ನೆಮ್ಮದಿಯಾಗಿ ಉಣ್ಣಲಿ ಅಂತ.

ನಮ್ಮನೆಯೋರಿಗೆ ಕ್ರಿಕೆಟ್ ಹುಚ್ಚು. ವೆಸ್ಟ್ ಇಂಡೀಸಲ್ಲಿ ಮ್ಯಾಚ್ ಇದ್ರೆ ಟಿ.ವಿ. ಮುಂದಿಂದ ಏಳ್ತಿರಲಿಲ್ಲ. ಆಟಕ್ಕಿಂತ ಹಿಂದಿನ ಸಮುದ್ರ ನೋಡೋದೇ ಜಾಸ್ತಿ. ಒಂದು ಸಲ ಸ್ಕೂಲಿನ ಗ್ಲೋಬಿನ ಕಾಲು ಮುರಿದಿತ್ತು ಅಂತ ಅಂಟು ಹಾಕಿಸೋಕೆ ಮನೆಗೆ ತಂದಿದ್ದೆ. ಅದನ್ನ ತೊಡೆ ಮೇಲಿಟ್ಟುಕೊಂಡು, ಆ ಕೆರಿಬಿಯನ್ ನೀಲಿಯ ಮೇಲಿನ ಸಣ್ಣ ಸಣ್ಣ ಚುಕ್ಕೆಗಳ ಮೇಲೆ ಬೆರಳಾಡಿಸ್ತಾ, ‘ಮೇಷ್ಟ್ರಮ್ಮಾ, ಇಲ್ಲಿಗೆ ಓಗಮ ನಡಿ. ನಮ್ಮವ್ವನೂ ಇರಲ್ಲ, ಎದುರುಮನೆಯೋಳೂ ಇರಲ್ಲ. ಅಲ್ಲಾದ್ರೂ ಒಂದ್ಸಲ ನನ್ನ ಹೆಸರಿಡ್ದು ಕರೀತೀಯ?’ ಅಂದ್ರು.

‘ಕರ್ಕೊಂಡೋಗಿ ಮೊದಲು. ಆಮೇಲೆ ನೋಡಣ’ ಅಂದೆ.

‘ಮಾತು ಕೊಡು.’

‘ಕೊಟ್ಟೆ ಹೋಗ್ರಿ. ಗಂಟಲು ಹರಿಯೋ ಹಾಗೆ ಕೂಗ್ತೀನಿ.’

ಅಲ್ಲಿಂದ ಅದು ನಮ್ಮಿಬ್ಬರ ಮಾತಾಯ್ತು. ಜಗಳ ಆದಾಗ, ‘ಇರು, ದ್ವೀಪಕ್ಕೆ ಟಿಕೆಟ್ ಮಾಡಿಸ್ತೀನಿ, ಅಲ್ಲಿ ಬಾಯ್ ತೆಗಿವಂತೆ’ ಅನ್ನೋರು. ನಿವೃತ್ತಿ ಆದ ಮೇಲೆ ಹೋಗೋಣ ಅಂತಿದ್ರು. ನಾನೂ ಹೂಂ ಅಂತಿದ್ದೆ. ಮದ್ದೂರು ದಾಟಿ ಬೆಂಗಳೂರಿಗೆ ಹೋಗೋದೇ ವರ್ಷಕ್ಕೊಂದು ಸಲ, ದ್ವೀಪವಂತೆ ದ್ವೀಪ!

ಹೋದ ವರ್ಷ ಕಟಾವಿನ ಹೊತ್ತಲ್ಲಿ, ಯಾರದೋ ಗದ್ದೆ ಬದುವಿನ ಮೇಲೆ ಕುಸಿದು ಬಿದ್ರು. ಮಂಡ್ಯದ ಆಸ್ಪತ್ರೆಗೆ ನಾನು, ಅತ್ತೆ ಓಡಿದಾಗ ಅವರಿಗೆ ಪ್ರಜ್ಞೆ ಇರಲಿಲ್ಲ. ಮೂಗಿಗೆ, ಬಾಯಿಗೆ ಕೊಳವೆ. ಅಲ್ಲಿದ್ದ ನರ್ಸು ಒಳ್ಳೆಯವಳು, ಚಿಕ್ಕ ವಯಸ್ಸಿನವಳು. ‘ಇಬ್ರೂ ಹತ್ರ ಬನ್ನಿ. ಹೆಸರು ಹಿಡಿದು ಜೋರಾಗಿ ಕರೀರಿ. ಬೇರೆ ಏನಂದ್ರೂ ಗೊತ್ತಾಗದಿದ್ರೂ ಅವರ ಹೆಸರು ಅವರಿಗೆ ಗೊತ್ತಾಗಬಹುದು’ ಅಂದಳು.

ನಾನು ಬಗ್ಗಿ ‘ರೀ’ ಅಂದೆ. ‘ರೀ, ಇಲ್ನೋಡಿ, ರೀ.’

ಅತ್ತೆ ಆ ಕಡೆಯಿಂದ ‘ಮಗಾ, ಮಗಾ’ ಅಂತಿದ್ರು.

‘ಹಂಗಲ್ಲ ಅಮ್ಮಾ, ಹೆಸರು, ಹೆಸರು ಕರೀರಿ’ ಅಂದಳು ನರ್ಸು. ನಾನು ಬಾಯಿ ತೆರೆದೆ. ದೇವರಾಣೆಗೂ ತೆರೆದೆ. ಎದುರಿಗೆ ಅತ್ತೆ ನಿಂತಿದ್ರು, ಈಗಾಗಲೇ ಸವೆದು ನಿಂತ ಆಯಸ್ಸು ಕಣ್ಣೆದುರಿಗಿತ್ತು. ಹೊರಗೆ ಬಂದಿದ್ದು ಮತ್ತೆ ‘ರೀ’ನೇ. ಪಕ್ಕದ ಮಂಚದ ಹತ್ರ ಇನ್ನೊಬ್ಬಳು ಅವಳ ಗಂಡನಿಗೆ ‘ರೀ, ರೀ’ ಅಂತಿದ್ದಳು. ಇಡೀ ವಾರ್ಡಲ್ಲಿ ಯಾವ ರೀ ಯಾರಿಗೆ ಅಂತ ಆ ಮಲಗಿದ ಗಂಡಸರಿಗೆ ಹೇಗೆ ಗೊತ್ತಾಗಬೇಕು? ಕೊನೆಗೆ ನರ್ಸೇ ಚೀಟಿ ನೋಡಿ ಅವರ ಹೆಸರು ಕರೆದಳು. ನನ್ನ ಗಂಡನ ಹೆಸರನ್ನ ಅವರ ಕಿವಿಗೆ ಕೊನೇ ಸಲ ಹಾಕಿದವಳು ಗುರುತು ಪರಿಚಯ ಇಲ್ಲದ ಹುಡುಗಿ. ಅವತ್ತೇ ಸಾಯಂಕಾಲ ಹೋಗಿಬಿಟ್ರು.

ಆಮೇಲೆ ಮನೆ ತುಂಬ ಜನ. ಬಂದ ಹೆಂಗಸರೆಲ್ಲ ನನ್ನ ಕುತ್ತಿಗೆ ತಬ್ಬಿಕೊಂಡು ಅಳೋರು. ನಾನು ಅವರ ಬೆನ್ನು ಸವರಿ, ‘ನೀರು ಕುಡೀರಿ’ ಅಂತ ಸಮಾಧಾನ ಮಾಡೋಳು. ‘ಓದ್ದೋಳು ಕಣೆ, ಕಲ್ಲು ಮನಸ್ಸು’ ಅಂತ ಹಿತ್ತಿಲಲ್ಲಿ ಮಾತಾಡಿಕೊಂಡಿದ್ದು ಕೇಳಿಸ್ತು. ಅಯ್ಯೋ, ಮಾತಾಡಲಿ ಬಿಡಿ. ಗಂಟಲಲ್ಲಿ ಒಂದು ಹೆಸರು ಅಡ್ಡ ಸಿಕ್ಕಿಕೊಂಡಿದ್ರೆ ಅಳುವಾದ್ರೂ ಎಲ್ಲಿಂದ ಹೊರಗೆ ಬರಬೇಕು?

ಕೊಟ್ಟ ಮಾತಾದ್ರೂ ನಡೆಸಿಕೊಡೋಣ ಅಂತ ಹುಡುಕೋಕೆ ಶುರು ಮಾಡಿದೆ. ಬೇಕಿದ್ದದ್ದು ಇಷ್ಟೇ, ನಾನು ಕೂಗಿದ್ರೆ ಯಾರೂ ಓಡಿ ಬರಬಾರದು. ಅದೇ ಸಿಗಲ್ಲ ನೋಡಿ! ಮೊದಲು ಸಿಕ್ಕಿದ್ದೆಲ್ಲ ಜೋಡಿಗಳಿಗೆ ಮಾತ್ರ. ಯಾವ ಫೋಟೋ ನೋಡಿದ್ರೂ ಮರಳ ಮೇಲೆ ಎರಡು ಕುರ್ಚಿ, ಎರಡು ಲೋಟ, ಎರಡು ಜೊತೆ ಚಪ್ಪಲಿ. ಹಾಳಾಗಿ ಹೋಗಲಿ ಅಂತ ಒಬ್ಬರೇ ಬರೋರಿಗೆ ಅಂತಲೇ ಇರೋದನ್ನ ಹುಡುಕಿದೆ. ಅಲ್ಲಿ ಒಂಟಿಯಾಗಿ ಬಂದವರನ್ನೆಲ್ಲ ಒಂದೇ ಮೇಜಿಗೆ ಕೂರಿಸಿ ಊಟ ಹಾಕಿ, ಅವರವರ ಕಥೆ ಹೇಳಿಸ್ತಾರಂತೆ. ಅದಕ್ಕೆ ನಮ್ಮೂರ ಬೀಗರ ಊಟ ಸಾಲದಾ? ಇನ್ನೊಂದು ಬಲು ಚೆನ್ನಾಗಿತ್ತು, ಕಲ್ಲಿನ ಗೋಡೆ, ತೆಂಗಿನ ಮರ. ಕೆಳಗೆ ಓದಿದ್ರೆ, ಅದು ಹಳೇ ಸಕ್ಕರೆ ಗಾಣದ ಕಟ್ಟಡವಂತೆ, ಸುತ್ತಲೂ ಇವತ್ತಿಗೂ ಕಬ್ಬಿನ ಗದ್ದೆಯಂತೆ. ಅಷ್ಟು ಸಮುದ್ರ ದಾಟಿ ಹೋಗಿ ಕಬ್ಬು ನೋಡೋದಾ! ಜೋರಾಗಿ ನಕ್ಕುಬಿಟ್ಟೆ. ನಕ್ಕು, ಅಭ್ಯಾಸದ ಮೇಲೆ ಫೋನು ಪಕ್ಕಕ್ಕೆ ಚಾಚಿ, ‘ರೀ, ಇಲ್ನೋಡಿ’ ಅಂದೆ. ಪಕ್ಕದಲ್ಲಿ ಅವರ ಕುರ್ಚಿ ಖಾಲಿ ಇತ್ತು. ಅವತ್ತು ಮುಂದಕ್ಕೆ ಏನೂ ಹುಡುಕಲಿಲ್ಲ.

ಮಂಡ್ಯದಲ್ಲಿ ಕಾಶಿ, ರಾಮೇಶ್ವರಕ್ಕೆಲ್ಲ ಕರ್ಕೊಂಡು ಹೋಗೋ ಟೂರ್ ಆಫೀಸಿಗೂ ಹೋಗಿದ್ದೆ. ಅಲ್ಲಿದ್ದವನು ವೆಸ್ಟ್ ಇಂಡೀಸ್ ಅಂದಿದ್ದಕ್ಕೆ, ‘ಮ್ಯಾಚ್ ನೋಡಕ್ಕಾ ಮೇಡಂ?’ ಅಂದ. ಅಲ್ಲಪ್ಪ, ಸುಮ್ನೆ ಇರೋಕೆ ಅಂದೆ. ಅಂಡಮಾನ್ ತೋರಿಸಿದ, ಮಾಲ್ಡೀವ್ಸ್ ತೋರಿಸಿದ. ‘ಒಬ್ರೇನಾ? ಸರ್ ಬರಲ್ವಾ?’ ಅಂದ.

‘ಅವರು ಮೊದಲೇ ಹೋಗಿದಾರೆ’ ಅಂದೆ.

‘ಓ, ಹಂಗಾದ್ರೆ ವೀಸಾ ಸುಲಭ ಆಯ್ತದೆ ಮೇಡಂ’ ಅಂತ ಖುಷಿಯಾದ. ಅವನದೇನು ತಪ್ಪು. ಪಾಸ್‌ಪೋರ್ಟ್ ಮಾಡಿಸಿಕೊಂಡು ಬರ್ತೀನಿ ಅಂತ ಎದ್ದು ಬಂದೆ.

ಪಾಸ್‌ಪೋರ್ಟಿಗೆ ಅರ್ಜಿ ಹಾಕಿದ ಮೇಲೆ ವಿಚಾರಣೆಗೆ ಪೊಲೀಸಿನವರು ಮನೆಗೆ ಬಂದ್ರು. ‘ಯಜಮಾನ್ರ ಹೆಸರೇನಮ್ಮಾ?’ ಅಂದ್ರು. ನಾನು ಗೋಡೆ ಮೇಲೆ ಹಾರ ಹಾಕಿದ್ದ ಫೋಟೋ ಕಡೆ ಕೈ ತೋರಿಸಿದೆ. ಅದರ ಕೆಳಗೆ ಹೆಸರು ಬರೆದಿತ್ತು. ಅವರು ಹತ್ತಿರ ಹೋಗಿ, ಕತ್ತು ಎತ್ತಿ ಓದಿ, ಬರೆದುಕೊಂಡು ಹೋದ್ರು.

ಮಳವಳ್ಳಿಯಲ್ಲಿ ನಮ್ಮಕ್ಕ ಇದಾಳೆ. ಅವಳ ಕಿವಿಗೆ ಸುದ್ದಿ ಬಿದ್ದಿದ್ದೇ ತಡ, ಫೋನು. ‘ಒಬ್ಳೇ ಯಾಕೆ ಓಯ್ತೀಯ ಕಣಮ್ಮಿ, ನಾವೂ ಬತ್ತೀವಿ, ಒಂದು ಟಿ.ಟಿ. ಮಾಡ್ಕಳಣ’ ಅಂದಳು. ಟಿ.ಟಿ. ಅಂದ್ರೆ ಮದುವೆಗೆ, ಧರ್ಮಸ್ಥಳಕ್ಕೆಲ್ಲ ಹೋಗೋ ಟೆಂಪೋ. ಸಮುದ್ರದ ಮೇಲೆ ಟಿ.ಟಿ. ಓಡಲ್ಲ ಕಣೆ ಅಂದೆ. ‘ವರ್ಷ ತುಂಬೋಗಂಟ ಎಲ್ಲೂ ಓಗಂಗಿಲ್ಲ. ನೀರೇ ನೋಡ್ಬೇಕು ಅಂದ್ರೆ ಇಲ್ಲೇ ಗಗನಚುಕ್ಕಿ ಇಲ್ವಾ? ಊರಿಗೆಲ್ಲ ಒಂದು ದಾರಿ ಆದ್ರೆ ಎಡವಟ್ಟನಿಗೇ ಒಂದು ದಾರಿ’ ಅಂತ ಬೈದು ಫೋನಿಟ್ಟಳು.

ಬೈದಿದ್ರಲ್ಲಿ ಒಂದು ಮಾತು ತಲೇಲಿ ಉಳೀತು. ಗಗನಚುಕ್ಕಿ ಜಲಪಾತದ ಸದ್ದೇನು ಸಮುದ್ರಕ್ಕೆ ಕಮ್ಮಿಯಾ? ರಜೆ ಹಾಕಿ, ಅಕ್ಕನಿಗೂ ಹೇಳದೆ, ಬಸ್ಸು ಹತ್ತಿ ಹೋದೆ. ನದಿ ತುಂಬಿ ಬರ್ತಿತ್ತು, ನೀರು ಭೋರ್ಗರೀತಿತ್ತು. ಕಂಬಿ ಹಿಡಿದು ನಿಂತು, ಉಸಿರು ಎಳೆದು, ಬಾಯಿ ತೆರೆದೆ. ಹಿಂದಿನಿಂದ ‘ನಮಸ್ತೇ ಮಿಸ್!’ ಅಂತ ಒಂದು ಗುಂಪು. ನನ್ನ ಹತ್ರ ಓದಿ ಹೋದ ಹುಡುಗೀರು, ಈಗ ಕಾಲೇಜು. ಸೆಲ್ಫಿ ಅಂದ್ರು. ತೆರೆದ ಬಾಯಿ ಹಾಗೇ ನಗು ಮಾಡಿ ನಿಂತೆ. ಆ ಫೋಟೋ ಕಳಿಸಿದಾರೆ, ಚೆನ್ನಾಗೇ ಬಂದಿದೀನಿ.

ಅದಾದ ಮೇಲೆ ಸಿಕ್ಕಿದ್ದು ಈ ಒಂದು ಸ್ಟಾರಿನ ದ್ವೀಪ. ರೆಸಾರ್ಟಿನವರಿಗೆ ಬರೆದೆ. ಸದ್ದು ನಿಜವಾಗಲೂ ಅಷ್ಟಿದೆಯಾ ಅಂತ ಕೇಳಿದೆ. ಪಾಪ, ಕ್ಷಮಿಸಿ ಅಂತ ಉತ್ತರ ಬಂತು, ಸದ್ದು ಕಮ್ಮಿ ಇರೋ ಕಡೆ ರೂಮು ಕೊಡ್ತಾರಂತೆ. ಬೇಡ ಮಾರಾಯರೇ, ಎಲ್ಲಕ್ಕಿಂತ ಜಾಸ್ತಿ ಸದ್ದು ಎಲ್ಲಿದೆಯೋ ಅಲ್ಲೇ ಕೊಡಿ ಅಂತ ಬರೆದೆ. ಅದಕ್ಕೆ ಅವರು ಒಪ್ಪಿದ್ರು. ಹಣ ಕಟ್ಟೋದೊಂದು ಬಾಕಿ. ಅಷ್ಟರಲ್ಲಿ ಮನೇಲಿ ಹೇಳಬೇಕಲ್ಲ.

ಶನಿವಾರ ಸ್ಕೂಲಿಂದ ಬಂದು ಅತ್ತೆಯ ಎದುರು ಕೂತೆ. ಅವರು ಅವರೆಕಾಯಿ ಬಿಡಿಸ್ತಿದ್ರು. ಮಗ ಹೋದ ಮೇಲೆ ನಾವಿಬ್ಬರೂ ಮಾತಾಡಿದ್ದೇ ಕಮ್ಮಿ. ಉಪ್ಪು ಸಾಕಾ, ಹಾಲಿನೋನು ಬಂದನಾ, ಇಷ್ಟೇ. ದೂರದ ದ್ವೀಪಕ್ಕೆ ಒಬ್ಬಳೇ ಹೋಗ್ತೀನಿ ಅಂದೆ.

‘ಅಲ್ಲೇನದೆ? ದೇವಸ್ಥಾನ್ವಾ?’

‘ಏನಿಲ್ಲ ಅತ್ತೆ. ಏನೂ ಇಲ್ಲ ಅಂತಲೇ ಹೋಗ್ತಿರೋದು.’

‘ಏನೂ ಇಲ್ದೇ ಇರಾ ಕಡೆ ಯಾಕವ್ವ ಓಗದು? ಈ ಮನೇಲಿ ಏನದೆ ಈಗ?’

ಆ ಮಾತಿಗೆ ನಂಗೆ ಸಿಟ್ಟೇ ಬಂತು. ಯಾಕೆ ಬಂತೋ. ‘ನಿಮ್ಮ ಮಗನ ಹೆಸರು ಕೂಗ್ಬೇಕು ನಾನು! ಆಸ್ಪತ್ರೇಲಿ ಕರೀರಿ ಕರೀರಿ ಅಂದ್ರು, ಕರೆಯೋಕಾಗಲಿಲ್ಲ. ನೀವು ಎದುರಿಗೆ ಇದ್ರಿ. ಎಲ್ಲ ಕಡೇನೂ ಯಾರಾದ್ರೂ ಎದುರಿಗೆ ಇದ್ದೇ ಇರ್ತೀರಿ! ಯಾರೂ ಇಲ್ಲದ ಕಡೆ ಹೋಗಿ ಕೂಗಿ ಬರ್ತೀನಿ’ ಅಂದುಬಿಟ್ಟೆ. ಅಂದ ಮೇಲೆ ನಾಲಿಗೆ ಕಚ್ಚಿಕೊಂಡೆ.

ಅತ್ತೆ ಸಿಪ್ಪೆ ಯಾವುದು ಕಾಳು ಯಾವುದು ನೋಡದೆ ಎರಡನ್ನೂ ಒಂದೇ ಮೊರಕ್ಕೆ ಹಾಕ್ತಿದ್ರು. ‘ನಾನೂ ಕರೀನಿಲ್ಲ ಕಣವ್ವ’ ಅಂದ್ರು. ‘ಮಗಾ ಮಗಾ ಅಂದೆ. ಊರಲ್ಲಿ ಇರಾವೆಲ್ಲ ಮಗನೇ ಅಲ್ವಾ. ಅವ್ನಿಗೆ ಎಂಗ್ ಗೊತ್ತಾಗ್ಬೇಕು.’ ಎದ್ದು ಮೊರ ತಗೊಂಡು ಒಳಗೆ ಹೋದ್ರು.

ಭಾನುವಾರ ಬೆಳಗ್ಗೆ ತಿಂಡಿ ಮುಗಿಸಿ ಪಾತ್ರೆ ತೊಳೀತಿದ್ದೆ. ಅತ್ತೆ ಬಂದು ನನ್ನ ಕೈಯಿಂದ ಪಾತ್ರೆ ಕಿತ್ತುಕೊಂಡ್ರು. ‘ಬಾ ಇಲ್ಲಿ’ ಅಂದ್ರು. ನಡುಮನೇಲಿ ಟಿ.ವಿ. ಹಾಕಿ ಸೌಂಡು ಪೂರ್ತಿ ಕೊಟ್ಟಿದ್ರು. ಅಡುಗೆಮನೇಲಿ ಗ್ರೈಂಡರ್ ಒಳಗೆ ನೆನೆಸಿದ ಅಕ್ಕಿ ಸುರಿದಿದ್ರು, ಪಕ್ಕದಲ್ಲಿ ಮಿಕ್ಸಿಯ ಜಾರಿಗೆ ಒಣಮೆಣಸಿನಕಾಯಿ ತುಂಬಿಟ್ಟಿದ್ರು. ನಮ್ಮ ಗ್ರೈಂಡರ್ ಹಳೇದು, ಶುರುವಾದ್ರೆ ಗೋಡೆ ಅದುರುತ್ತೆ. ಎರಡನ್ನೂ ಹಾಕಿ, ನನ್ನ ಕಿವಿಗೆ ಬಾಯಿಟ್ಟು, ‘ನಾನು ಬಾಗ್ಲಲ್ಲಿ ಕೂತಿರ್ತೀನಿ. ಯಾರ್ನೂ ಒಳೀಕ್ ಬುಡಕಿಲ್ಲ. ಕೂಗು’ ಅಂದ್ರು. ಹೋಗಿ ಬೀದಿ ಬಾಗಿಲ ಹೊಸಿಲ ಮೇಲೆ, ಬೆನ್ನು ನನ್ನ ಕಡೆ ಮಾಡಿ ಕೂತುಬಿಟ್ರು.

ನಾನು ಅಡುಗೆಮನೆ ಗೋಡೆಗೆ ಒರಗಿ ನಿಂತೆ. ಮೆಣಸಿನಕಾಯಿ ಘಾಟಿಗೆ ಕಣ್ಣಲ್ಲಿ ನೀರು ಬಂತು. ಮೊದಲು ತುಟಿಯಲ್ಲೇ ಅಂದೆ, ಹೊಸಿಲಲ್ಲಿ ಅಂದ ಹಾಗೆ. ನನಗೇ ಕೇಳಿಸಲಿಲ್ಲ. ಆಮೇಲೆ ಸ್ವಲ್ಪ ಜೋರಾಗಿ. ಬಾಯಲ್ಲಿ ಆ ಹೆಸರು ಹೇಗೆ ಹಿಡಿಸುತ್ತೆ ಅಂತಲೇ ಗೊತ್ತಿರಲಿಲ್ಲ ನಂಗೆ, ಇಷ್ಟು ವರ್ಷ ಅವರ ಜೊತೆ ಬಾಳಿ. ಮೂರನೇ ಸಲಕ್ಕೆ ಕಣ್ಣು ಮುಚ್ಚಿ, ಹೊಟ್ಟೆಯಿಂದ ಎತ್ತಿ, ಹಿಂದೆ ಅಣ್ಣ ಇಲ್ಲ, ಅಪ್ಪ ಇಲ್ಲ, ಬರೀ ಹೆಸರನ್ನ ಕೂಗಿದೆ.

ಅದೇ ಗಳಿಗೆಗೆ ಕರೆಂಟು ಹೋಯ್ತು.

ಗ್ರೈಂಡರ್ ನಿಂತಿತು, ಮಿಕ್ಸಿ ನಿಂತಿತು, ಟಿ.ವಿ. ನಿಂತಿತು. ಅಕ್ಕಪಕ್ಕದ ಮನೆಗಳಲ್ಲೂ ಎಲ್ಲ ನಿಂತಿತು. ಇಡೀ ಬೀದೀಲಿ ನನ್ನ ಗಂಡನ ಹೆಸರೊಂದೇ ಉಳಿದಿತ್ತು, ಅದೂ ಅರ್ಧಕ್ಕೆ ಬಂದಿತ್ತು. ನಿಲ್ಲಿಸಲಿಲ್ಲ ನಾನು. ಪೂರ್ತಿ ಕೂಗಿದೆ. ಗಂಟಲು ಹರೀತು, ಹಿಂದೆಯೇ ಅಳು ಬಂತು. ಎದುರುಮನೆ ಬಾಗಿಲು ತೆರೆದ ಸದ್ದಾಯ್ತು, ಹೆಜ್ಜೆ ಸದ್ದಾಯ್ತು. ಅತ್ತೆ ಕೂತಲ್ಲಿಂದಲೇ ಕೈ ಅಡ್ಡ ಚಾಚಿರಬೇಕು, ಹೆಜ್ಜೆಗಳು ಅಲ್ಲೇ ನಿಂತವು.

ಆಮೇಲೆ ಹೊಸಿಲ ಮೇಲಿಂದ ಅತ್ತೆಯ ದನಿ ಬಂತು. ಎದುರುಮನೆಯವಳಿಗಲ್ಲ, ನಂಗೆ. ಯಾರಾದ್ರೂ ಆ ಹೆಸರು ಕೂಗಿದ್ರೆ ಉತ್ತರ ಕೊಟ್ಟು ಕೊಟ್ಟು ರೂಢಿಯಾದ ದನಿ.

‘ಅವ್ನು ಮನೇಲಿಲ್ಲ ಕಣವ್ವಾ’ ಅಂದ್ರು.

ನಾನು ನೆಲದ ಮೇಲೆ ಕೂತು ಕಾದೆ. ಆಮ್ಯಾಕ್ ಬಾ ಅನ್ನೋದನ್ನ ಮಾತ್ರ ಅವರು ಹೇಳಲಿಲ್ಲ.